ತಪ್ಪು ಪಿಸ್ತೂಲಿನದ್ದಲ್ಲ, ಮ್ಯಾಗಜಿನ್‌ದು

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಶಿವಮೊಗ್ಗ ಆವೃತ್ತಿಯಲ್ಲಿ ಇರಾಕ್ ಯುದ್ಧದಲ್ಲಿ ಕೈಕೊಟ್ಟ ಅಮೆರಿಕದ ಪಿಸ್ತೂಲಿನ ಬಗ್ಗೆ ಓದಿದೆ. ಬೆರೆಟಾ ಎಂ9 ಮರಳಿಗೆ ಆಗಿಬರುವ ಪಿಸ್ತೂಲೇ ಅಲ್ಲ, ಜೊತೆಗೆ ಸಿಪಾಯಿಗಳೂ ಅದನ್ನು ಸರಿಯಾಗಿ ಸಾಫ್ ಮಾಡುತ್ತಿರಲಿಲ್ಲ ಅಂತ ಎರಡೇ ಸಾಲಿನಲ್ಲಿ ತೀರ್ಪು ಕೊಟ್ಟಿದ್ದೀರಿ. ಅಷ್ಟು ಸುಲಭ ಅಲ್ಲ ಸ್ವಾಮಿ. ಪಕ್ಕದಲ್ಲಿ ಹಾಕಿದ ಚಿತ್ರವಂತೂ ರಿವಾಲ್ವರ್‌ದು, ಅದಕ್ಕೆ ಮ್ಯಾಗಜಿನ್ನೇ, ಅಂದರೆ ಗುಂಡು ತುಂಬಿ ಹಿಡಿಯೊಳಗೆ ತೂರಿಸುವ ಡಬ್ಬಿಯೇ, ಇರುವುದಿಲ್ಲ.

ನಾನು ಹೊಸನಗರ ತಾಲ್ಲೂಕಿನವನು. ಸೈನ್ಯದಲ್ಲಿ ಆರ್ಮರರ್ ಆಗಿದ್ದೆ, ಅಂದರೆ ಬಂದೂಕು ರಿಪೇರಿ ಕೆಲಸ. ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ.

ನಮ್ಮ ಮಲೆನಾಡಿನಲ್ಲಿ ಕಬ್ಬಿಣ ಕಂಡರೆ ಕೈ ತಾನಾಗಿ ಎಣ್ಣೆ ಬಾಟಲಿಗೆ ಹೋಗುತ್ತದೆ. ಮಳೆಗಾಲದಲ್ಲಿ ಎರಡು ದಿನ ಬಿಟ್ಟರೆ ಕತ್ತಿ ಕೆಂಪಗಾಗುತ್ತದೆ. ಬೆಳೆ ಕಾಯುವ ಲೈಸೆನ್ಸ್ ಕೋವಿಯನ್ನು ಎಲೆಕ್ಷನ್ ಹೊತ್ತಿಗೆ ಸ್ಟೇಷನ್ನಿಗೆ ಕೊಡುವಾಗಲೂ ಎಣ್ಣೆ ಬಟ್ಟೆ ಸುತ್ತಿಯೇ ಕೊಡುತ್ತೇವೆ. ಇದೇ ಅಭ್ಯಾಸ ಹೊತ್ತುಕೊಂಡು ಜೈಸಲ್ಮೇರ್ ಕಡೆ ಹೋದೆ. ನಮ್ಮ 9 ಎಂಎಂ ಪಿಸ್ತೂಲು ಈಶಾಪುರ ಕಾರ್ಖಾನೆಯದ್ದು, ಹಳೆಯ ಬ್ರೌನಿಂಗ್ ಮಾದರಿ, ಮ್ಯಾಗಜಿನ್ನಿಗೆ 13 ರೌಂಡು, ಅಂದರೆ ತೋಟಾ. ಕೋತ್‌ನಲ್ಲಿ, ಅಂದರೆ ಆಯುಧ ಇಡುವ ಕೋಣೆಯಲ್ಲಿ, ಕೂತು ಎಲ್ಲ ಮ್ಯಾಗಜಿನ್ ಒಳಗೂ ಧಾರಾಳವಾಗಿ ಎಣ್ಣೆ ಬಿಟ್ಟೆ. ಮಾರನೇ ದಿನ ರೇಂಜಿನಲ್ಲಿ ಎರಡು ಗುಂಡು ಹಾರಿತು, ಮೂರನೆಯದಕ್ಕೆ ರೋಕ್, ಅಂದರೆ ಸಿಕ್ಕಿಕೊಂಡು ನಿಂತಿತು. ಮ್ಯಾಗಜಿನ್ ಬದಲಾಯಿಸಿದರೆ ಅದೂ ರೋಕ್. ಕಲಿಸುವ ಉಸ್ತಾದರು ಒಂದು ಮ್ಯಾಗಜಿನ್ ಬಿಚ್ಚಿ ಒಳಗಿದ್ದದ್ದನ್ನು ನನ್ನ ಅಂಗೈಗೆ ಬಳಿದರು. ಅಲ್ಲಿನ ಧೂಳು ಮೈದಾ ಹಿಟ್ಟಿನಷ್ಟು ನುಣ್ಣಗೆ, ಎಣ್ಣೆ ಸೇರಿ ಕಣಕದ ಹಾಗೆ ಆಗಿತ್ತು. ಅವರು ಹಿಂದಿಯಲ್ಲಿ ಬೈದದ್ದನ್ನು ನೀವು ಅಚ್ಚು ಹಾಕಲಾರಿರಿ, ಬಿಡಿ. ಅವತ್ತಿನಿಂದ ಮ್ಯಾಗಜಿನ್ ಒಳಗೆ ಬರೀ ಒಣ ಚಿಂದಿ ಆಡಿಸಿದೆ.

ಮ್ಯಾಗಜಿನ್ ಅಂದರೆ ಒಂದು ತಗಡಿನ ಡಬ್ಬಿ, ಒಳಗೊಂದು ಸ್ಪ್ರಿಂಗು, ಅದರ ತಲೆಯ ಮೇಲೆ ರೌಂಡುಗಳನ್ನು ಎತ್ತುವ ಪುಟ್ಟ ತಟ್ಟೆ, ಅಷ್ಟೇ. ಗುಂಡು ಹಾರಿ ಪಿಸ್ತೂಲಿನ ಮೇಲೆ ಜಾರುವ ಭಾಗ, ಅಂದರೆ ಸ್ಲೈಡು, ಹಿಂದೆ ಹೋಗಿ ಮುಂದೆ ಬರುವುದು ರೆಪ್ಪೆ ಬಡಿಯುವುದಕ್ಕಿಂತ ಬೇಗ, ಅಷ್ಟರೊಳಗೆ ಮುಂದಿನ ರೌಂಡು ಮೇಲೆ ಬಂದು ಕೂತಿರಬೇಕು. ಧೂಳಿಗೆ ಉಜ್ಜಿ ಚೂರು ತಡವಾದರೆ ಸ್ಲೈಡು ಖಾಲಿ ಮುಂದೆ ಹೋಗುತ್ತದೆ, ಇಲ್ಲವೇ ಅರ್ಧ ಬಂದ ರೌಂಡಿಗೆ ಗುದ್ದಿ ಸಿಕ್ಕಿಕೊಳ್ಳುತ್ತದೆ. ಆಗ ಪಿಸ್ತೂಲು ಯಾವ ಕಂಪನಿಯದ್ದಾದರೇನು?

ಈಗ ಇರಾಕ್ ವಿಷಯ. ಎಂ9 ಅನ್ನು ಅಮೆರಿಕ ಆರಿಸಿದ್ದು 1985ರಲ್ಲಿ, ಮ್ಯಾಗಜಿನ್ನಿಗೆ 15 ರೌಂಡು. ಆಮೇಲೆ ಮ್ಯಾಗಜಿನ್‌ಗಳನ್ನು ಟೆಂಡರ್ ಕರೆದು ಬೇರೆ ಕಂಪನಿಯಿಂದ ಮಾಡಿಸಿದರು. ಒಳಗೂ ಹೊರಗೂ ದಪ್ಪ ಫಾಸ್ಫೇಟ್ ಲೇಪ ಇರಬೇಕು ಅಂತ ಷರತ್ತು ಹಾಕಿದ್ದು ಸೈನ್ಯವೇ. ಫಾಸ್ಫೇಟಿನ ಮೈ ತರಿತರಿ, ಎಣ್ಣೆಯನ್ನು ಹೀರಿ ಹಿಡಿದುಕೊಂಡು ತುಕ್ಕು ತಡೆಯುತ್ತದೆ. ಆಗುಂಬೆಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಆದರೆ ಮರಳುಗಾಡಿನಲ್ಲಿ ಅದೇ ತರಿ ಧೂಳನ್ನೂ ಹಿಡಿದುಕೊಂಡಿತು. ಸ್ಪ್ರಿಂಗುಗಳೂ ಸೋತಿದ್ದವು. 2003ರಲ್ಲಿ ಸಿಪಾಯಿಗಳು 15ರ ಬದಲು 10 ರೌಂಡು ತುಂಬಿ ನೋಡಿದರು, ಸ್ಪ್ರಿಂಗ್ ಬಿಚ್ಚಿ ಕೈಯಿಂದ ಎಳೆದು ಉದ್ದ ಮಾಡಿದರು, ಅದು ಕೆಲವು ಗಂಟೆ ನಡೆದು ಮತ್ತೆ ಅದೇ ಕಥೆ. ದಿನಕ್ಕೆ ಹಲವು ಸಲ ಒರೆಸಿದರೂ ಸರಿಹೋಗಲಿಲ್ಲ. ಹಾಗಿರುವಾಗ ಸಿಪಾಯಿ ಸೋಮಾರಿ ಅಂತ ಸುಮ್ನೆ ಬರೆದುಬಿಡುವುದು ನ್ಯಾಯವಾ? ಷರತ್ತು ಬರೆದವರ ಮೇಜಿನ ಮೇಲೆ ಧೂಳು ಇರಲಿಲ್ಲ. ಅವರ ಹೆಸರು ನಿಮ್ಮ ಲೇಖನದಲ್ಲೂ ಇಲ್ಲ.

ಆಮೇಲೆ ಅಮೆರಿಕದ ಮರೀನ್ ದಳದ ಎಂ9ಎ1 ಪಿಸ್ತೂಲಿಗೆ, ಅಂದರೆ ಎಂ9ರದ್ದೇ ಸುಧಾರಿತ ರೂಪಕ್ಕೆ, ಬೆರೆಟಾ ಕಂಪನಿ ನುಣುಪು ಲೇಪದ ಮ್ಯಾಗಜಿನ್ ಮಾಡಿಕೊಟ್ಟಿತು. ಪಿಸ್ತೂಲೇ ದಂಡ ಆಗಿದ್ದರೆ ಡಬ್ಬಿಯ ಲೇಪ ಬದಲಾಯಿಸುವ ಕೆಲಸ ಯಾಕೆ ಬೇಕಿತ್ತು ಹೇಳಿ. 2017ರಲ್ಲಿ ಎಂ9 ಬದಲಿಗೆ ಸಿಗ್ ಕಂಪನಿಯ ಎಂ17 ಪಿಸ್ತೂಲು ಆಯ್ಕೆಯಾಯಿತು, ಅದು ಬೇರೆಯೇ ಮಾತು.

ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿ, ಆ ರಿವಾಲ್ವರ್ ಚಿತ್ರವನ್ನೂ ತೆಗೆಯಿರಿ. ಬೇಕಿದ್ದರೆ ಮ್ಯಾಗಜಿನ್ ಬಿಚ್ಚಿಟ್ಟ ಚಿತ್ರ ನಾನೇ ಬರೆದು ಕಳಿಸುತ್ತೇನೆ, ಸುಮಾರಾಗಿ ಬರೆಯುತ್ತೇನೆ.

ಇತಿ,
ಒಬ್ಬ ನಿವೃತ್ತ ಹವಾಲ್ದಾರ್, ಹೊಸನಗರ ತಾಲ್ಲೂಕು