ಅರಳುಮರಳು ಅಂದುಬಿಟ್ಟೆ

ಪ್ರೀತಿಯ ಪುಟ್ಟಿಗೆ,

ನೀನು ಊಟ ಬಿಟ್ಟು ಬಸ್ಸು ಹತ್ತಿ ಇವತ್ತಿಗೆ ಹನ್ನೆರಡು ದಿನ. ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ರಾತ್ರಿ ಜಗಲಿಯಲ್ಲಿ ಏನೇನು ಮಾತಾಯಿತೋ ಇಬ್ಬರಿಗೂ ಗೊತ್ತು. ಅದು ಬೇಡ.

ಮೊದಲು ಒಳ್ಳೆ ಸುದ್ದಿ. ನಿನ್ನೆಯ ರಕ್ತ ಪರೀಕ್ಷೆಯಲ್ಲಿ ಅಜ್ಜಿಯ ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನ ಅಂಶ, 136 ಬಂದಿದೆ. ಆಸ್ಪತ್ರೆಗೆ ಸೇರಿಸಿದ ದಿನ 114 ಇತ್ತಲ್ಲ. 135ರಿಂದ 145ರೊಳಗೆ ಇರಬೇಕು ಅನ್ನೋದು ಈಗ ನನಗೂ ಬಾಯಿಪಾಠ. ಬೆಳಿಗ್ಗೆ ತಾನೇ ಎದ್ದು ಹೂ ಕೊಯ್ದಳು.

ನನಗೆ ಮಾತ್ರ ಆ ಮಂಗಳವಾರದ ರಾತ್ರಿ ಕಣ್ಣಿಂದ ಹೋಗುತ್ತಿಲ್ಲ. ನೀನಿನ್ನೂ ಬಂದಿರಲಿಲ್ಲ. ಎರಡು ಗಂಟೆ ಇರಬೇಕು. ಹಿಂಬಾಗಿಲು ತೆರೆದಿತ್ತು. ಅಜ್ಜಿ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ದನಕ್ಕೆ ಹುಲ್ಲು ಹಾಕಬೇಕು ಅನ್ನುತ್ತಿದ್ದಳು. ನಾವು ದನ ಮಾರಿ ಹತ್ತು ವರ್ಷ ಆಯಿತು. ಇಡೀ ದಿನ ಅಡಿಕೆ ಕೊಯ್ಲಿನಲ್ಲಿ ದಣಿದಿದ್ದೆ, ಗದರಿಬಿಟ್ಟೆ. ಅವಳು ಬೆಚ್ಚಿದಳು. ಸೆರಗು ಸರಿ ಮಾಡಿಕೊಂಡು, ‘ನೀವು ಯಾರ ಮನೆಯವರು?’ ಅಂದಳು.

ನೀವು ಅಂದಳು ಪುಟ್ಟಿ. ಅರವತ್ತೊಂದು ವರ್ಷ ನನ್ನನ್ನು ‘ಏ’ ಅಂತಲೇ ಕರೆದವಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಪರಿಚಿತನ ಮುಂದೆ ಸೆರಗು ಸರಿ ಮಾಡಿಕೊಂಡ ಹಾಗೆ ಮಾಡಿಕೊಂಡಳಲ್ಲ, ಅದನ್ನು ತಡೆಯೋಕಾಗಲಿಲ್ಲ. ಈಗಲೂ ಅವಳು ಸೆರಗು ಮುಟ್ಟಿದರೆ ಎದೆ ಹೊಡೆದುಕೊಳ್ಳುತ್ತದೆ.

ಮರುದಿನ ನಿನಗೆ ಫೋನಲ್ಲಿ ಹೇಳಿದ್ದೇನು? ಅರವತ್ತಕ್ಕೇ ಅರಳುಮರಳು, ಇವಳಿಗೆ ಎಂಬತ್ತಮೂರು ಅಂತ. ‘ಹೋದ ಭಾನುವಾರ ಹಾಲಿನ ಲೆಕ್ಕ ಪೈಸೆ ತಪ್ಪದೆ ಹೇಳಿದವಳಿಗೆ ಎರಡೇ ದಿನದಲ್ಲಿ ಮರೆವಿನ ಕಾಯಿಲೆ ಬರಲ್ಲ ಅಪ್ಪಾ, ಅದು ತಿಂಗಳುಗಟ್ಟಲೆ ತಗೊಂಡು ನಿಧಾನ ಬರೋದು, ದಿಢೀರ್ ಬಂದರೆ ಬೇರೆ ಏನೋ ಇದೆ, ಇವತ್ತೇ ರಕ್ತ ತೆಗೆಸು’ ಅಂದೆ ನೀನು. ಕೊಯ್ಲು ಮುಗೀಲಿ ಅಂದೆ ನಾನು. ಮೂರು ದಿನ ಕಳೆದೆ. ಕೊನೆಗೆ ನೀನೇ ರಾತ್ರಿ ಬಸ್ಸಿಗೆ ಬರಬೇಕಾಯಿತು.

ತಪ್ಪು ನನ್ನದು. ಜಗಲಿಯಲ್ಲಿ ಆ ರಾತ್ರಿ ಇದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ.

ನೀನು ಫಾರ್ಮಸಿ ಓದುತ್ತೇನೆ ಅಂದಾಗ, ಮೆಡಿಕಲ್ ಶಾಪಲ್ಲಿ ನಿಲ್ಲೋಕಾ ಅಂತ ಕೇಳಿದ್ದೆ. ಅದೇ ನೀನು ಅಜ್ಜಿಯ ಬಿಸ್ಕತ್ ಡಬ್ಬ ಮಂಚದ ಮೇಲೆ ಸುರಿದು, ಒಂದೊಂದೇ ಮಾತ್ರೆ ಹಾಳೆಯಲ್ಲಿ ಬರೆದೆ. ಬಿಪಿಗೆ ಅಮ್ಲೋಡಿಪಿನ್. ಅದರಿಂದ ಕಾಲು ಊದಿತು. ಊತಕ್ಕೆ ಅಂತ ಇನ್ನೊಬ್ಬ ಡಾಕ್ಟರು ನೀರಿಳಿಸುವ ಮಾತ್ರೆ ಬರೆದರು. ಮೊದಲಿನ ಮಾತ್ರೆಯಿಂದಲೇ ಊತ ಬಂದಿರಬಹುದು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ. ನೀರಿನ ಜೊತೆ ಸೋಡಿಯಮ್ಮೂ ಹೋಯಿತು, ಅದಕ್ಕೇ ಅವಳಿಗೆ ಹಾಗೆ ಗೊಂದಲವಾಯಿತು. ಸಾಲದ್ದಕ್ಕೆ ಬಿಪಿ ಇದೆ ಅಂತ ನಾನು ಉಪ್ಪನ್ನೂ ಬಿಡಿಸಿ ಸಪ್ಪೆ ಗಂಜಿ ಕೊಡಿಸುತ್ತಿದ್ದೆ. ಆಸ್ಪತ್ರೆಯ ಡಾಕ್ಟರು ನಿನ್ನ ಹಾಳೆ ನೋಡಿ, ‘ಇದನ್ನು ಬರೆದವರು ಯಾರು?’ ಅಂದಾಗ ನನ್ನ ಮಗಳು ಅಂದೆ. ಎರಡು ಸಲ ಅಂದೆ. ನೀನು ಆಗ ಬಿಲ್ ಕಟ್ಟೋಕೆ ಹೋಗಿದ್ದೆ.

ಸೋಡಿಯಂ ಬೇಗ ಏರಿಸಿ ಅಂತ ನಾನು ನರ್ಸ್ ಜೊತೆ ಜಗಳಕ್ಕೆ ನಿಂತಾಗ ಪಕ್ಕದಲ್ಲಿ ಕೂರಿಸಿ ಸಮಾಧಾನ ಮಾಡಿದವಳೂ ನೀನೇ. ದಿನಕ್ಕೆ ಎಂಟು-ಹತ್ತಕ್ಕಿಂತ ಜಾಸ್ತಿ ಏರಬಾರದು, ದಿಢೀರನೆ ಏರಿದರೆ ಮಿದುಳಿಗೇ ಪೆಟ್ಟು ಅಂದೆ. ನನಗೆ ಆಗ ಎಲ್ಲವೂ ಕೂಡಲೇ ಆಗಬೇಕಿತ್ತು. ಮೂರು ದಿನ ಸುಮ್ನೆ ಕಳೆದವನು ನಾನು.

ಈಗ ನಿನಗೊಂದು ಮಾತು. ರಾತ್ರಿ ಪಾಳಿ ಮುಗಿಸಿ ಬರಿ ಕಾಫಿ ಕುಡಿದು ಮಲಗಬೇಡ. ಸಿಟ್ಟನ್ನು ಊಟದ ಮೇಲೆ ತೋರಿಸುವ ಬುದ್ಧಿ ನನ್ನಿಂದ ಬಂದದ್ದು, ಗೊತ್ತು. ಆದರೂ ಬಿಡು. ಅಮ್ಮ ಸಕ್ಕರೆ ಕಾಯಿಲೆಗೆ ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದಾಳೆ. ಅದರಿಂದ ವಿಟಮಿನ್ ಬಿ12 ಕಮ್ಮಿಯಾಗಿ ಪಾದ ಜುಮ್ಮೆನ್ನಬಹುದು ಅಂತ ನೀನೇ ಹೇಳಿದ್ದೆ, ಅದನ್ನೂ ನೋಡಿಸುತ್ತೇನೆ. ಮತ್ತೆ ಯಾರ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ನಿಲ್ಲಿಸುವ ಹಾಗಿಲ್ಲ. ಇದನ್ನು ನಿನಗೇ ಹೇಳುತ್ತಿದ್ದೇನಲ್ಲ, ಕ್ಷಮಿಸು. ಅಪ್ಪನ ಬಾಯಿ.

ಒಂದು ವಿಷಯ ಮುಚ್ಚಿಟ್ಟಿದ್ದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ನನಗೂ ಕಣ್ಣು ಕತ್ತಲೆ ಬರುತ್ತದೆ. ಮಳೆಗಾಲದಿಂದ. ಮೊನ್ನೆ ಡಾಕ್ಟರು ಮಲಗಿಸಿ ನೋಡಿದಾಗ ಬಿಪಿಯ ಮೇಲಿನ ಅಂಕಿ 148, ನಿಲ್ಲಿಸಿ ನೋಡಿದಾಗ 122. ಇಪ್ಪತ್ತು ಇಳಿದರೇ ಜಾಸ್ತಿ ಅಂತೆ. ಮಾತ್ರೆಯ ಹೊತ್ತು ಬದಲಿಸಿದ್ದಾರೆ, ಎದ್ದ ಕೂಡಲೇ ನಿಲ್ಲದೆ ಸ್ವಲ್ಪ ಕೂತಿರಲು ಹೇಳಿದ್ದಾರೆ. ತೋಟದಲ್ಲಿ ಒಬ್ಬನೇ ಬಿದ್ದರೆ ಅಂತ ಹೆದರಿಕೆ ಇತ್ತು. ಅದಕ್ಕಿಂತ ಜಾಸ್ತಿ, ನನಗೂ ವಯಸ್ಸಾಯಿತು ಅಂತ ನೀನು ಅಂದುಕೊಳ್ಳುತ್ತೀಯ ಅಂತ.

ನನ್ನ ಮಾತ್ರೆಗಳನ್ನೂ ನಿನ್ನ ಹಾಗೆಯೇ ಒಂದು ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಅಕ್ಷರ ಸರಿಯಿಲ್ಲ, ಸ್ಟ್ರಿಪ್ ನೋಡಿಕೊಂಡೇ ಬರೆದೆ. ಅಜ್ಜಿಗೆ ಸೋಮವಾರ ಮತ್ತೆ ರಕ್ತ ಪರೀಕ್ಷೆ ಇದೆ. ರಿಪೋರ್ಟಿನ ಫೋಟೋ ಕಳಿಸುತ್ತೇನೆ. ನನ್ನ ಫೋನ್ ಎತ್ತದಿದ್ದರೂ ಪರವಾಗಿಲ್ಲ, ಅದನ್ನೊಂದು ನೋಡು.

ನಿನ್ನ
ಅಪ್ಪ