ಎಂಟನೇ ತರಗತಿಯಿಂದಲೇ ಶುರುಮಾಡು

ಪೆರ್ಲ

ಚಿ. ಸೌ. ಶ್ರೀಲತೆಗೆ ದೊಡ್ಡಮ್ಮನ ಆಶೀರ್ವಾದಗಳು.

ಈ ವರ್ಷದಿಂದ ಮಕ್ಕಳ ಮುಂದಿನ ಓದು, ಉದ್ಯೋಗದ ಮಾರ್ಗದರ್ಶನದ ಹೊಣೆಯನ್ನು ಶಾಲೆಯಲ್ಲಿ ನಿನಗೆ ವಹಿಸಿದ್ದಾರೆಂದು ನಿನ್ನಮ್ಮ ಹೇಳಿದಳು. ಕೇಳಿ ತುಂಬ ಸಂತೋಷವಾಯಿತು. ಒಂದು ದಿನದ ಕ್ಲಾಸು ಇಟ್ಟು ಮುಗಿಸಿದರಾಯಿತು ಎಂದು ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಡ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಮಕ್ಕಳನ್ನೆಲ್ಲ ಹಾಲಿನಲ್ಲಿ ಕೂರಿಸಿ, ಯಾವುದೋ ಕಾಲೇಜಿನವರಿಂದ ಅವರ ಕಟ್ಟಡದ ಚಿತ್ರ ತೋರಿಸಿ ಕಳಿಸಿದರೆ ಕಾಲೇಜಿಗೆ ಜಾಹೀರಾತು ಆಗುತ್ತದೆ, ಮಕ್ಕಳಿಗೆ ಏನೂ ಆಗುವುದಿಲ್ಲ. ಕೇರಳದ ಗಡಿಯ ಕಾಸರಗೋಡಿನಲ್ಲಿ, ನಮ್ಮ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಹಿಂದೆ ಬೀಳುವುದು ಎಷ್ಟೋ ಸಲ ಅಂಕ ಸಾಲದೆ ಅಲ್ಲ. ಯಾವ ವಿಷಯ ತೆಗೆದುಕೊಂಡರೆ ಯಾವ ದಾರಿ ಮುಚ್ಚುತ್ತದೆ, ಯಾವ ಕಾಗದ ಎಂದಿಗೆ ಬೇಕು ಎಂಬುದು ಅವರಿಗೆ ಗೊತ್ತಾಗುವಾಗ ದಿನಾಂಕ ದಾಟಿರುತ್ತದೆ. ಅದಕ್ಕೇ ಎಂಟನೇ ತರಗತಿಯಿಂದ ಶುರುಮಾಡು ಎನ್ನುವುದು.

ಎಂಟನೆಯವರಿಗೆ ಮೊದಲು ಎನ್‌ಎಂಎಂಎಸ್ ಪರೀಕ್ಷೆ. ಸರಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಇರುವ ವಿದ್ಯಾರ್ಥಿವೇತನ ಅದು. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು. ಆಯ್ಕೆಯಾದರೆ ಒಂಬತ್ತರಿಂದ ಪ್ಲಸ್ ಟುವರೆಗೆ, ಅಂದರೆ ಹನ್ನೆರಡನೆಯವರೆಗೆ, ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಬುದ್ಧಿಶಕ್ತಿಯ ಪತ್ರಿಕೆ ಒಂದು, ಪಾಠದ ಪತ್ರಿಕೆ ಒಂದು. ತಲಾ 90 ಪ್ರಶ್ನೆ, 90 ನಿಮಿಷ. ಮಕ್ಕಳು ಸೋಲುವುದು ಮೊದಲನೆಯದರಲ್ಲಿ, ಯಾಕೆಂದರೆ ಅಂಥ ಪ್ರಶ್ನೆಗಳನ್ನು ಅವರು ಹಿಂದೆ ನೋಡಿರುವುದೇ ಇಲ್ಲ. ವಾರಕ್ಕೆ ಒಂದು ಪೀರಿಯಡ್ ಸಿಕ್ಕಿದರೂ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಕೊಡು.

ಎಂಟು, ಒಂಬತ್ತರ ಮಕ್ಕಳಿಗೆ ಕೋರ್ಸುಗಳ ಹೆಸರು ಹೇಳಿ ಪ್ರಯೋಜನವಿಲ್ಲ. ಅವರು ಕೆಲಸವನ್ನು ನೋಡಬೇಕು. ಡಾಕ್ಟರು, ಇಂಜಿನಿಯರು, ಟೀಚರು, ಪೊಲೀಸ್, ಗಲ್ಫ್ – ಇಷ್ಟರಾಚೆ ಅವರ ಪಟ್ಟಿ ಬೆಳೆಯುವುದಿಲ್ಲ, ಕಂಡದ್ದೇ ಅಷ್ಟು. ವರ್ಷಕ್ಕೆ ಎರಡು ಕಡೆಗೆ ಕರೆದುಕೊಂಡು ಹೋಗು. ತೋಟದ ಬೆಳೆಗಳ ಸಂಶೋಧನೆ ಮಾಡುವ ಕೇಂದ್ರ ಸಂಸ್ಥೆ, ಕೂಡ್ಲಿನ ಸಿಪಿಸಿಆರ್‌ಐ, ನಮ್ಮ ಅಂಗಳದಲ್ಲೇ ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ. ಅಲ್ಲಿ ವಿಜ್ಞಾನಿಗಳ ಜತೆ ಪ್ರಯೋಗಾಲಯದವರು, ಕ್ಷೇತ್ರ ಸಹಾಯಕರು, ಲೆಕ್ಕಪತ್ರದವರು, ಗ್ರಂಥಾಲಯದವರು ಎಲ್ಲ ಇರುತ್ತಾರೆ. ಒಂದೇ ಆವರಣದಲ್ಲಿ ಹತ್ತು ಬಗೆಯ ಕೆಲಸ ಕಾಣಿಸುತ್ತದೆ. ಇನ್ನೊಂದು ಭೇಟಿ ಪಂಚಾಯತು ಕಚೇರಿಗೋ ಹಾಲು ಸೊಸೈಟಿಗೋ ಇರಲಿ. ಹೋಗುವಾಗ ಪ್ರತಿ ಮಗುವಿನ ಕೈಯಲ್ಲಿ ಆರು ಪ್ರಶ್ನೆ ಇರಬೇಕು: ಬೆಳಗ್ಗೆ ಎಷ್ಟಕ್ಕೆ ಕೆಲಸ ಶುರು? ದಿನದ ಹೆಚ್ಚು ಹೊತ್ತು ಮಾಡುವುದೇನು? ಹತ್ತನೆಯ ಮೇಲೆ ಏನು ಓದಿದಿರಿ? ಈ ಕೆಲಸಕ್ಕೆ ಹೇಗೆ ಸೇರಿದಿರಿ? ಸೇರಿದಾಗ ಸಂಬಳ ಎಷ್ಟಿತ್ತು? ಇದರಲ್ಲಿ ಕಷ್ಟದ್ದು ಯಾವುದು? ಕೊನೆಯ ಪ್ರಶ್ನೆಯನ್ನು ಕೇಳದೆ ಬರಬಾರದು. ಹಿರಿಯರು ನಿಜ ಹೇಳುವುದು ಅಲ್ಲಿಯೇ.

ಉತ್ತರಗಳನ್ನು ಬರೆಯಲು ಪ್ರತಿ ಮಗುವಿಗೂ ಒಂದು ನೋಟ್‌ಬುಕ್ ಇರಲಿ. ಎಂಟರಲ್ಲಿ ಶುರುವಾದ ಪುಸ್ತಕ ಹತ್ತರವರೆಗೆ ಅದೇ ಇರಬೇಕು. ಮಗು ತಾನಾಗಿ ಕೂತು ಮಾಡಿದ ಕೆಲಸ ಯಾವುದು, ಯಾವ ಪಾಠ ಯಾರೂ ಹೇಳದೆ ಮುಂದೆ ಓದಿತು ಎಂಬುದನ್ನೂ ಅದರಲ್ಲೇ ಬರೆಸು. ಅಭಿರುಚಿ ಪರೀಕ್ಷೆ ಮಾಡಿಸಿದರೆ ಅದರ ಫಲಿತಾಂಶವನ್ನು ಈ ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟು ಓದು, ಅದೊಂದನ್ನೇ ಹಿಡಿದು ‘ನಿನಗೆ ಸಯನ್ಸ್ ಆಗದು’ ಎಂದು ಎಂದೂ ಹೇಳಬೇಡ. ಹದಿನಾಲ್ಕರ ಮಗು ಆ ಮಾತನ್ನು ಮರೆಯುವುದಿಲ್ಲ.

ಒಂಬತ್ತನೆಯಲ್ಲಿ ಇನ್ನೊಂದು ಕೆಲಸ, ನೋಡಲು ಸಣ್ಣದು, ಬಿಟ್ಟರೆ ವರ್ಷ ಹೋಗುತ್ತದೆ. ಹೆಸರು, ಇನಿಷಿಯಲ್, ಜನ್ಮದಿನಾಂಕ, ತಂದೆ ತಾಯಿಯ ಹೆಸರು ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ‘ಸಂಪೂರ್ಣ’ ಎಂಬ ಆನ್‌ಲೈನ್ ದಾಖಲೆ ಈ ಮೂರರಲ್ಲೂ ಅಕ್ಷರಕ್ಕಕ್ಷರ ಒಂದೇ ಇದೆಯೇ ಎಂದು ನೋಡು. ಗಡಿಯಲ್ಲಿರುವ ನಮಗೆ ಈ ತೊಂದರೆ ಹೆಚ್ಚು. ಹೆರಿಗೆ ಮಂಗಳೂರಿನಲ್ಲಿ ಆಗಿರುತ್ತದೆ, ಜನನ ಪತ್ರ ಕನ್ನಡದಲ್ಲಿ, ಆಧಾರ್ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಒಂದೊಂದರಲ್ಲಿ ಒಂದೊಂದು ಸ್ಪೆಲ್ಲಿಂಗು. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಅಚ್ಚಾಗುವ ಮೊದಲು ತಿದ್ದುವುದು ಸುಲಭ. ಅಚ್ಚಾದ ಮೇಲೆ ಪರೀಕ್ಷೆ ನಡೆಸುವ ಪರೀಕ್ಷಾ ಭವನಕ್ಕೆ ಅರ್ಜಿ ಹಾಕಿ ಕಾಯಬೇಕು, ಅಷ್ಟರಲ್ಲಿ ಪ್ರವೇಶದ ಕಾಲ ಬಂದಿರುತ್ತದೆ. ಜಾತಿ, ಆದಾಯ, ವಾಸಸ್ಥಳ ಪ್ರಮಾಣಪತ್ರಗಳಿಗೂ ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಫಲಿತಾಂಶದ ವಾರ ನೂಕುನುಗ್ಗಲು. ರಜೆ ಶುರುವಾಗುವಾಗಲೇ ಮಾಡಿಸಲು ಹೇಳು. ಹಿಂದುಳಿದ ವರ್ಗದವರು ಮೀಸಲಾತಿ ಕೇಳಲು ಕೊಡುವ ನಾನ್ ಕ್ರೀಮಿಲೇಯರ್ ಪತ್ರ ಕೇರಳದ ಪ್ರವೇಶಕ್ಕೆ ಒಂದು ನಮೂನೆ, ಕೇಂದ್ರದ ಸಂಸ್ಥೆಗಳಿಗೆ ಬೇರೆ ನಮೂನೆ. ಒಂದನ್ನು ಕೊಟ್ಟು ಇನ್ನೊಂದರ ಸೀಟು ಕೇಳಲಾಗುವುದಿಲ್ಲ.

ಇನ್ನು ಹತ್ತನೆಯವರು. ಇಲ್ಲಿ ನಿನ್ನ ಹೆಚ್ಚಿನ ಹೊತ್ತು ಹೋಗಲಿ.

ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೆಯದಕ್ಕೆ, ಸಯನ್ಸ್, ಕಾಮರ್ಸ್, ಹ್ಯುಮಾನಿಟೀಸ್ ಎಂದು ಹೇಳಿ ನಿಲ್ಲಿಸಬೇಡ. ಪ್ರತಿಯೊಂದರೊಳಗೆ ಬೇರೆ ಬೇರೆ ಕಾಂಬಿನೇಶನ್ ಇದೆ, ದಾರಿ ಮುಚ್ಚುವುದು ಅಲ್ಲಿ. ಭೌತ, ರಸಾಯನ, ಗಣಿತ, ಕಂಪ್ಯೂಟರ್ ಸಯನ್ಸ್ ತೆಗೆದುಕೊಂಡ ಮಗು ಜೀವವಿಜ್ಞಾನ ಬಿಟ್ಟಿತು. ವೈದ್ಯಕೀಯ, ಬಿಎಸ್ಸಿ ನರ್ಸಿಂಗ್, ಕೃಷಿ ಎಲ್ಲ ದೂರವಾಯಿತು. ಜೀವವಿಜ್ಞಾನ ಇಟ್ಟು ಗಣಿತ ಬಿಟ್ಟವರಿಗೆ ಇಂಜಿನಿಯರಿಂಗ್ ಇಲ್ಲ, ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎಯಲ್ಲಿ ನೌಕಾಪಡೆ, ವಾಯುಪಡೆ ಇಲ್ಲ. ಭೂಸೇನೆಗಾದರೆ ಯಾವ ವಿಭಾಗದವರೂ ಎನ್‌ಡಿಎ ಬರೆಯಬಹುದು. ಭೌತ, ರಸಾಯನ, ಜೀವವಿಜ್ಞಾನ, ಗಣಿತ ನಾಲ್ಕೂ ಇರುವ ಬಯಾಲಜಿ ಸಯನ್ಸ್ ಈ ಎಲ್ಲ ದಾರಿಯನ್ನೂ ತೆರೆದಿಡುತ್ತದೆ, ಅದಕ್ಕೇ ತಂದೆತಾಯಿ ಅದನ್ನೇ ಹಿಡಿಯುತ್ತಾರೆ. ಆದರೆ ಗಣಿತದಲ್ಲಿ ಹತ್ತರವರೆಗೆ ತಿಣುಕಿದ ಮಗುವಿಗೆ ಅದು ಎರಡು ವರ್ಷದ ಹೊರೆ. ಗಣಿತ, ಜೀವವಿಜ್ಞಾನ ಎರಡರಲ್ಲೂ ಕಡಿಮೆ ಅಂಕ ಬಂದು ತೆರೆದಿಟ್ಟ ಯಾವ ದಾರಿಯಲ್ಲೂ ಹೋಗಲಾಗದೆ ನಿಲ್ಲುತ್ತದೆ. ಹಾಗಿದ್ದಾಗ ಧೈರ್ಯವಾಗಿ ಬೇರೆಯದನ್ನು ಹೇಳು.

ಕಾಮರ್ಸಿನಲ್ಲೂ ಹಾಗೆಯೇ, ಗಣಿತವೋ ಸ್ಟಾಟಿಸ್ಟಿಕ್ಸೋ ಇರುವ ಕಾಂಬಿನೇಶನ್ ಮುಂದೆ ಅರ್ಥಶಾಸ್ತ್ರದಂಥ ಪದವಿಗೆ ಅನುಕೂಲ. ಸಿಎ ಮಾಡಬೇಕೆನ್ನುವವರಿಗೆ ಫೌಂಡೇಶನ್‌ನಲ್ಲಿ ನಾಲ್ಕು ಪತ್ರಿಕೆ, ಒಟ್ಟು 400 ಅಂಕ, ಪ್ರತಿಯೊಂದರಲ್ಲಿ ಶೇ. 40, ಒಟ್ಟಿನಲ್ಲಿ ಶೇ. 50 ಬೇಕೆಂದು ಮೊದಲೇ ಹೇಳಿಬಿಡು. ಹ್ಯುಮಾನಿಟೀಸ್ ಅಂಕ ಬಾರದವರಿಗೆ ಎಂಬ ಮಾತನ್ನು ಸ್ಟಾಫ್ ರೂಮಿನಲ್ಲೂ ಬೆಳೆಯಗೊಡಬೇಡ. ಐದು ವರ್ಷದ ಕಾನೂನು, ಪತ್ರಿಕೋದ್ಯಮ, ಸಮಾಜಕಾರ್ಯ, ಅಧ್ಯಾಪನ ಎಲ್ಲದಕ್ಕೂ ಅದು ನೇರ ದಾರಿ.

ಇದನ್ನು ಬಾಯಲ್ಲಿ ಹೇಳಿದರೆ ಉಳಿಯದು. ದೊಡ್ಡ ಚಾರ್ಟಿನಲ್ಲಿ ಎಡಗಡೆ ಕೆಲಸದ ಹೆಸರು, ಬಲಕ್ಕೆ ಅದಕ್ಕೆ ಬೇಕಾದ ಪ್ಲಸ್ ಟು ವಿಷಯ, ಪ್ರವೇಶ ಪರೀಕ್ಷೆ, ಅರ್ಜಿ ಬರುವ ತಿಂಗಳು ಬರೆದು ತರಗತಿಯ ಗೋಡೆಗೆ ಹಾಕು. ಕೇರಳದಲ್ಲಿ ಬಿಎಸ್ಸಿ ಕೃಷಿಗೆ ನೀಟ್ ಬರೆದರೆ ಸಾಲದು, ಕೇರಳದ ವೃತ್ತಿ ಕೋರ್ಸುಗಳ ಪ್ರವೇಶಕ್ಕಿರುವ ಕೀಮ್ ಅರ್ಜಿಯನ್ನೂ ಹಾಕಿರಬೇಕು. ಪಡನ್ನಕ್ಕಾಡಿನ ಕೃಷಿ ಕಾಲೇಜು ಇಷ್ಟು ಹತ್ತಿರವಿದ್ದೂ, ನೀಟ್ ಒಂದನ್ನೇ ಬರೆದು ಕೀಮ್ ಬಿಟ್ಟ ಮಕ್ಕಳಿಗೆ ಆ ವರ್ಷ ಅದು ಸಿಗುವುದಿಲ್ಲ. ಅಂಥ ಜೋಡಿಗಳನ್ನು ಚಾರ್ಟಿನಲ್ಲಿ ಕೆಂಪು ಶಾಯಿಯಲ್ಲಿ ಬರೆ.

ಪ್ಲಸ್ ವನ್‌ನ ಏಕಜಾಲಕ ಪ್ರವೇಶದ, ಅಂದರೆ ಎಲ್ಲ ಶಾಲೆಗೂ ಸೇರಿ ಹಾಕುವ ಒಂದೇ ಅರ್ಜಿಯನ್ನು ಅಕ್ಷಯ ಕೇಂದ್ರದವರ ಮೇಲೆ ಬಿಡಬೇಡ. ಅವರು ಟೈಪು ಮಾಡಿಕೊಡುತ್ತಾರೆ, ಆಯ್ಕೆಯ ಕ್ರಮ ಯೋಚಿಸುವುದು ಅವರ ಕೆಲಸವಲ್ಲ. ಮಗು ಮನೆಯಲ್ಲೇ ಕಾಗದದಲ್ಲಿ ಶಾಲೆ, ಕಾಂಬಿನೇಶನ್ ಕೋಡ್ ಬರೆದುಕೊಂಡು ಹೋಗಲಿ. ಕ್ರಮ ಮಗುವಿಗೆ ಬೇಕಾದ ಕ್ರಮವೇ ಆಗಿರಬೇಕು, ಸಿಗುವ ಸಾಧ್ಯತೆಯ ಕ್ರಮ ಅಲ್ಲ. ಮೇಲಿನ ಆಯ್ಕೆ ಸಿಗದಿದ್ದರೆ ಕೆಳಗಿನದಕ್ಕೆ ಪರಿಗಣಿಸುವಾಗ ಅಂಕವೇನೂ ಕಡಿಮೆಯಾಗುವುದಿಲ್ಲ. ಸುಲಭವಾಗಿ ಸಿಗುವುದನ್ನು ಮೊದಲು ಬರೆದರೆ ಮಾತ್ರ ಅದೇ ಸಿಕ್ಕಿ ಮೇಲೆ ಹೋಗುವ ದಾರಿ ಮುಚ್ಚುತ್ತದೆ. ಹೋಗಲಾಗದ ಶಾಲೆಯನ್ನು ಬರೆಯಲೇ ಬಾರದು. ಎಣ್ಮಕಜೆಯ ಒಳಭಾಗದಿಂದ ಕಾಸರಗೋಡಿಗೆ ಹೋಗುವ ಮಗುವಿಗೆ ಬೆಳಗ್ಗಿನ ಬಸ್ಸು ಯಾವುದು, ಸಂಜೆ ತರಗತಿ ಬಿಟ್ಟ ಮೇಲೆ ಕೊನೆಯ ಬಸ್ಸು ಸಿಗುತ್ತದೆಯೇ ಎಂದು ಕೇಳು. ಆ ಶಾಲೆಯಲ್ಲಿ ಎರಡನೇ ಭಾಷೆಯಾಗಿ ಕನ್ನಡ ಇದೆಯೇ ಎಂಬುದನ್ನೂ ನೋಡಬೇಕು, ಎಲ್ಲ ಕಡೆ ಇಲ್ಲ. ಓದಿದ ಶಾಲೆಯಲ್ಲೇ, ಸ್ವಂತ ಪಂಚಾಯತಿನಲ್ಲಿ, ತಾಲೂಕಿನಲ್ಲಿ ಕೇಳಿದರೆ ಬೋನಸ್ ಅಂಕವಿದೆ, ಆ ಕಾಲಂ ಖಾಲಿ ಬಿಡದಂತೆ ನೋಡು. ಟ್ರಯಲ್ ಅಲಾಟ್‌ಮೆಂಟ್, ಅಂದರೆ ಸೀಟು ಹಂಚಿಕೆಯ ಪ್ರಾಯೋಗಿಕ ಪಟ್ಟಿ, ಬಂದ ದಿನ ಮಕ್ಕಳನ್ನು ಶಾಲೆಗೆ ಕರೆಸು, ತಪ್ಪು ತಿದ್ದಲು ಅದೇ ಅವಕಾಶ. ಮುಖ್ಯ ಅಲಾಟ್‌ಮೆಂಟಿನಲ್ಲಿ ಮೊದಲ ಆಯ್ಕೆಯೇ ಬಂದರೆ ಶುಲ್ಕ ಕಟ್ಟಿ ಖಾಯಂ ಸೇರಬೇಕು. ಕೆಳಗಿನದು ಬಂದರೆ ತಾತ್ಕಾಲಿಕವಾಗಿ ಸೇರಿ ಮುಂದಿನದಕ್ಕೆ ಕಾಯಬಹುದು. ಇನ್ನೊಂದು ಬರಲಿ ಎಂದು ಸೇರದೆ ಮನೆಯಲ್ಲಿ ಕೂತವರು ಪಟ್ಟಿಯಿಂದಲೇ ಹೊರಗಾಗುತ್ತಾರೆ, ಈ ತಪ್ಪನ್ನು ಮಕ್ಕಳಿಗಿಂತ ತಂದೆತಾಯಿಗೆ ಹೆಚ್ಚು ಹೇಳಬೇಕು. ಏನೂ ಸಿಗದವರು ಆಮೇಲಿನ ಸಪ್ಲಿಮೆಂಟರಿ ಹಂಚಿಕೆಗೆ ಅರ್ಜಿ ನವೀಕರಿಸಲೇ ಬೇಕು, ತಾನಾಗಿ ಮುಂದುವರಿಯುವುದಿಲ್ಲ.

ಪಾಲಿಟೆಕ್ನಿಕ್, ಐಟಿಐಗೆ ಬೇರೆಯೇ ಅರ್ಜಿ. ಕೈಕೆಲಸದಲ್ಲಿ ಮನಸ್ಸಿರುವ ಮಗುವನ್ನು ಪ್ಲಸ್ ವನ್‌ಗೆ ತಳ್ಳಬೇಡ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ. ವೆಲ್ಡರ್, ಪ್ಲಂಬರ್ ಒಂದು ವರ್ಷ. ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಬಿಟೆಕ್ ಎರಡನೇ ವರ್ಷಕ್ಕೆ ಸೇರಬಹುದು. ದಾರಿ ಅಲ್ಲಿಗೆ ಮುಗಿಯುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರು ಪ್ಲಸ್ ವನ್ ಸಯನ್ಸಿನಲ್ಲಿ ಮೊದಲ ಮೂರು ತಿಂಗಳು ಕಂಗಾಲಾಗುತ್ತಾರೆ. ಪಾಠ ಗೊತ್ತಿರುತ್ತದೆ, ಇಂಗ್ಲಿಷಿನ ಪದ ಗೊತ್ತಿರುವುದಿಲ್ಲ. ವೇಗೋತ್ಕರ್ಷವೇ ಆಕ್ಸಿಲರೇಶನ್ ಎಂದು ತಿಳಿಯದೆ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಶಾಲಾ ಪಠ್ಯ ತಯಾರಿಸುವ ಎಸ್‌ಸಿಇಆರ್‌ಟಿಯ ಹತ್ತನೆಯ ವಿಜ್ಞಾನ, ಗಣಿತ ಪುಸ್ತಕ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೇ ಪಾಠ. ಶಿಕ್ಷಣ ಇಲಾಖೆಯ ‘ಸಮಗ್ರ’ ಜಾಲತಾಣದಲ್ಲಿ ಎರಡೂ ಸಿಗುತ್ತವೆ. ಏಪ್ರಿಲ್, ಮೇಯಲ್ಲಿ ದಿನಕ್ಕೆ ನಾಲ್ಕು ಪುಟ ಎರಡನ್ನೂ ಪಕ್ಕದಲ್ಲಿಟ್ಟು ಓದಿಸು, ಹೊಸ ಪದಗಳನ್ನು ನೋಟ್‌ಬುಕ್ಕಿನ ಹಿಂದಿನಿಂದ ಬರೆಯಲಿ. ಇದಕ್ಕೆ ಟ್ಯೂಶನ್ ಬೇಕಿಲ್ಲ. ಮಲಯಾಳ ಓದಲು ಬರೆಯಲು ಕಲಿಯಲೇಬೇಕು ಎಂದೂ ಹೇಳು. ಅದರಿಂದ ಕನ್ನಡಕ್ಕೇನೂ ಕಮ್ಮಿಯಾಗದು, ವಿಲ್ಲೇಜ್ ಆಫೀಸಿನ ನೋಟೀಸು ಓದಲು ಇನ್ನೊಬ್ಬರನ್ನು ಕಾಯುವುದು ತಪ್ಪುತ್ತದೆ.

ಕನ್ನಡ ಬಲ್ಲವರಿಗೇ ಇರುವ ಅವಕಾಶಗಳನ್ನು ಒಬ್ಬ ಮಗುವಿಗೂ ಬಿಡದೆ ತಿಳಿಸು. ಸರಕಾರಿ ಹುದ್ದೆ ತುಂಬುವ ಕೇರಳ ಪಿಎಸ್‌ಸಿ ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ), ಯುಪಿ (ಹಿರಿಯ ಪ್ರಾಥಮಿಕ), ಹೈಸ್ಕೂಲು ಅಧ್ಯಾಪಕರ ಹುದ್ದೆಗಳಿಗೆ ಪ್ರತ್ಯೇಕ ಅಧಿಸೂಚನೆ ಹೊರಡಿಸುತ್ತದೆ. ಎಲ್‌ಪಿಗೆ ಶಿಕ್ಷಕ ತರಬೇತಿಯ ಡಿಎಲ್‌ಎಡ್ ಮತ್ತು ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ಒಂದನೇ ವಿಭಾಗ. ಹೈಸ್ಕೂಲಿಗೆ ಆಯಾ ವಿಷಯದ ಪದವಿ, ಬಿಎಡ್, ಕೆ-ಟೆಟ್ ಮೂರನೇ ವಿಭಾಗ. ಗಣಿತ, ಭೌತವಿಜ್ಞಾನದಲ್ಲಿ ಪದವಿ ಮಾಡಿ ಕನ್ನಡದಲ್ಲಿ ಪಾಠ ಹೇಳಬಲ್ಲವರು ನಮ್ಮ ಶಾಲೆಗಳಿಗೆ ಬೇಕು. ಇದು ನನ್ನ ಆಸೆಯೂ ಹೌದು, ನಿನಗೆ ಗೊತ್ತಿದೆ. ಕರ್ನಾಟಕದ ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರ ಅರ್ಹತೆಯೂ ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ, ಕನ್ನಡ ಅಥವಾ ತುಳು ಮಾತೃಭಾಷೆಯ ಮಕ್ಕಳು ಅಲ್ಲಿ ಕನಿಷ್ಠ ಏಳು ವರ್ಷ ಓದಿದ ದಾಖಲೆ ಕೊಟ್ಟು, 50 ಅಂಕದ ಕನ್ನಡ ಪರೀಕ್ಷೆಯಲ್ಲಿ 12 ಅಂಕ ಪಡೆದರೆ ಕರ್ನಾಟಕದ ಸರಕಾರಿ ಸೀಟು ಕೇಳಬಹುದು. ಅರ್ಜಿಯಲ್ಲಿ ಆ ಕಾಲಂ ತುಂಬದೆ ಸಿಇಟಿ ಮಾತ್ರ ಬರೆದರೆ ಆ ಹಕ್ಕು ಸಿಗದು. ಪ್ರಮಾಣಪತ್ರ ಆ ವರ್ಷದ ಕೈಪಿಡಿಯ ನಮೂನೆಯಲ್ಲೇ ಇರಬೇಕು, ಹಳೆಯದನ್ನು ನಕಲು ಮಾಡಿಸಬೇಡ.

ಮಂಗಳೂರು ಹತ್ತಿರವಾದ್ದರಿಂದ ಏಜೆಂಟರು ಮನೆಬಾಗಿಲಿಗೇ ಬರುತ್ತಾರೆ, ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಎಂದು ಹೇಳಿಕೊಂಡು. ಅಲ್ಲಿ ಒಳ್ಳೆಯ ಕಾಲೇಜುಗಳು ಬೇಕಾದಷ್ಟಿವೆ, ಹುಡುಕುವವರು ನಾವೇ ಆಗಬೇಕು. ಮುಂಗಡ ಕೊಡುವ ಮೊದಲು ಮೂರು ನೋಡಿಸು: ನರ್ಸಿಂಗ್ ಕೌನ್ಸಿಲಿನ ಪಟ್ಟಿಯಲ್ಲಿ ಆ ವರ್ಷಕ್ಕೆ ಕಾಲೇಜಿನ ಹೆಸರಿದೆಯೇ, ಸರ್ಟಿಫಿಕೇಟು ಯಾವ ವಿಶ್ವವಿದ್ಯಾನಿಲಯದ್ದು, ಹಾಸ್ಟೆಲ್ ಸೇರಿ ನಾಲ್ಕು ವರ್ಷಕ್ಕೆ ಒಟ್ಟು ಎಷ್ಟು ಎಂಬುದು ಬರವಣಿಗೆಯಲ್ಲಿ ಇದೆಯೇ. ಮೂಲ ಸರ್ಟಿಫಿಕೇಟುಗಳನ್ನು ಏಜೆಂಟರ ಕೈಗೆ ಕೊಡಲೇ ಬಾರದು. ಪದವಿ ಕಾಲೇಜುಗಳು ಅವನ್ನು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ.

ತಂದೆತಾಯಿಯನ್ನು ಕ್ಲಾಸ್ ಪಿಟಿಎಯಲ್ಲಿ ಎಲ್ಲರೆದುರು ಒಪ್ಪಿಸಲು ಹೋಗಬೇಡ. ಮಗು, ಅಪ್ಪ, ಅಮ್ಮ, ನೀನು, ಇಪ್ಪತ್ತು ನಿಮಿಷ ಬೇರೆಯಾಗಿ ಕೂತರೆ ಮಾತು ಬರುತ್ತದೆ. ನೋಟ್‌ಬುಕ್ಕನ್ನು ಮಗುವೇ ತೋರಿಸಲಿ. ಹಣದ ಮಾತನ್ನು ಮುಚ್ಚಿಡಬೇಡ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಓದಿನ ಖರ್ಚಿಗೆ ಸರಕಾರದ ಇ-ಗ್ರಾಂಟ್ಸ್ ನೆರವು ಇದೆ ಎಂದು ತಿಳಿಯದೆ ಓದು ನಿಲ್ಲಿಸುವ ಮನೆಗಳಿಗೆ ನೀನೇ ಹೋಗು. ಹೆಣ್ಣುಮಕ್ಕಳನ್ನು ದೂರದ ಹಾಸ್ಟೆಲಿಗೆ ಕಳಿಸಲು ಹಿಂಜರಿಯುವವರಿಗೆ ಅದೇ ಊರಿನಿಂದ ಹೋಗಿ ಓದುತ್ತಿರುವ ಹುಡುಗಿಯ ತಾಯಿಯನ್ನು ಜತೆಮಾಡಿಕೊಡು, ನಿನ್ನ ಮಾತಿಗಿಂತ ಅವಳ ಮಾತು ತಾಗುತ್ತದೆ.

ಫಲಿತಾಂಶದ ದಿನ ಎ ಪ್ಲಸ್ ಬಂದವರ ಫೋಟೋ ತೆಗೆಯಲು ಬೇರೆಯವರಿದ್ದಾರೆ. ನೀನು ಉತ್ತೀರ್ಣರಾಗದವರಿಗೆ ಅಂದೇ ಫೋನು ಮಾಡು. ಮೂರು ವಿಷಯದವರೆಗೆ ವರ್ಷ ಹಾಳಾಗದಂತೆ ಇರುವ ಮರುಪರೀಕ್ಷೆ ‘ಸೇ’ ಬರೆಯಬಹುದು, ಅರ್ಜಿಗೆ ಕೆಲವೇ ದಿನ ಇರುತ್ತದೆ, ಅವರು ನಾಚಿಕೆಯಿಂದ ಶಾಲೆಯತ್ತ ಬರುವುದಿಲ್ಲ. ಜುಲೈ ಕೊನೆಯ ಹೊತ್ತಿಗೆ ನಿನ್ನ ರಿಜಿಸ್ಟರಿನಲ್ಲಿ ಹತ್ತರಿಂದ ಹೋದ ಪ್ರತಿ ಮಗುವಿನ ಹೆಸರಿನೆದುರು ಎಲ್ಲಿ ಸೇರಿತು ಎಂಬುದು ಇರಬೇಕು. ಖಾಲಿ ಉಳಿದ ಹೆಸರುಗಳ ಪಟ್ಟಿ ಮಾಡಿಕೊಂಡು ಒಂದು ಭಾನುವಾರ ಇಲ್ಲಿಗೆ ಬಾ, ಯಾವ ಮನೆಗೆ ಯಾರು ಹೋಗುವುದೆಂದು ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಮ್ಮ