ಕೆಂಪು ಟ್ಯೂಬ್ ಹಿಡಿದು ಬಂದ ಗೈಡ್‌ಗೆ

ಗಾಬರಿಯಲ್ಲಿ ನಿಮ್ಮ ಹೆಸರು ಕೇಳಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ ಇಟ್ಟು, ಮುಖ ಮುಳುಗಿಸಿ ತೇಲುವ ಸ್ನಾರ್ಕೆಲಿಂಗ್ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಇದ್ದವಳು ನಾನು. ಲಾವಾ ಹರಿದು ಬಂದು ಕಡಲಲ್ಲಿ ಗಟ್ಟಿಯಾದ ಕಪ್ಪು ಬಂಡೆ ಪಕ್ಕದಲ್ಲೇ ಇತ್ತು. ಒಂದು ಅಲೆ ನನ್ನನ್ನು ಎತ್ತಿ ಅದರತ್ತ ತಳ್ಳಿತು. ಕೊಳವೆಗೆ ನೀರು ನುಗ್ಗಿ, ಉಪ್ಪುನೀರು ಗಂಟಲಿಗಿಳಿದು ಉಸಿರೇ ಸಿಕ್ಕಿಕೊಂಡಿತು. ಆ ಕಲ್ಲೋ, ಒಡೆದ ಗಾಜಿನಷ್ಟು ಚೂಪು. ಅದರ ಸೀಳುಗಳಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಮುಳ್ಳಿನ ಕಡಲಜೀವಿಗಳು ಬೇರೆ.

ನೀವು ಕೂಗಾಡಲಿಲ್ಲ. ಬಂಡೆಗೂ ನನಗೂ ನಡುವೆ ಬಂದು, ತೇಲುವ ಆ ಕೆಂಪು ಟ್ಯೂಬನ್ನು ನನ್ನ ಎದೆಗೆ ಒತ್ತಿ, ಅಂಗೈಯನ್ನು ನಿಧಾನವಾಗಿ ಕೆಳಗಿಳಿಸಿ ತೋರಿಸಿದಿರಿ. ಸಮಾಧಾನ, ಸಮಾಧಾನ ಅಂತ. ಅಲೆ ದಡದ ಕಡೆ ನುಗ್ಗುವಾಗ ಸುಮ್ನೆ ತೇಲಿದಿರಿ, ಹಿಂದಕ್ಕೆ ಎಳೆಯುವಾಗ ಅದರ ಜೊತೆಗೇ ಕಾಲು ಬಡಿದಿರಿ. ಹಾಗೇ ಸುಮಾರು 10 ಮೀಟರ್ ಆಚೆ ಕರೆತಂದಿರಿ.

ನನ್ನ ಮಾಸ್ಕಿನ ಅಂಚಿಗೆ ಕೂದಲು ಸಿಕ್ಕಿತ್ತು, ನೀರು ಸೋರುತ್ತಿದ್ದುದು ಅದರಿಂದಲೇ. ಆ ಎಳೆಗಳನ್ನು ಒಂದೊಂದಾಗಿ ಬಿಡಿಸಿದಿರಿ. ಗಾಜಿನ ಒಳಗೆ ಉಗುಳು ಸವರಿ ತೊಳೆಸಿದಿರಿ, ಮಬ್ಬು ಹೋಯಿತು. ಕೊಳವೆಯ ನೀರನ್ನು ಒಂದೇ ಊದಿಗೆ ಹೊರಹಾಕುವುದನ್ನು 3 ಸಲ ಮಾಡಿಸಿದಿರಿ. ಉಳಿದವರು ಕಾಯುತ್ತಿದ್ದರೂ ನಿಮಗೆ ಸ್ವಲ್ಪವೂ ಅವಸರ ಇರಲಿಲ್ಲ.

ಆಮೇಲೆ ಮತ್ತೆ ಮುಖ ಮುಳುಗಿಸಿದೆ. ಕಪ್ಪು ಕಲ್ಲಿನ ಮುಂದೆ ಹಳದಿ ಮೀನುಗಳ ಹಿಂಡು. ನನ್ನ ಉಸಿರಿನ ಸದ್ದು ಆಗ ಒಂದೇ ಸಮ ಇತ್ತು.

ದೋಣಿ ಹತ್ತುವಾಗ ನೋಡಿದೆ, ನಿಮ್ಮ ಮೊಣಕೈ ತರಚಿ ರಕ್ತ ಬಂದಿತ್ತು. ನೀವು ಅದನ್ನು ಹೇಳಲೇ ಇಲ್ಲ ಅಲ್ವಾ? ತುಂಬಾ ಥ್ಯಾಂಕ್ಸ್.